ಸದ್ದುಗುಡ್ಡದ ಮೊದಲ ಎರಡು ಗುಂಡಿಗಳು

ಆ ಪಟ್ಟಣದ ಚರಿತ್ರೆ ಬರೆದವರೆಲ್ಲ ಚಿನ್ನದಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಹೆಗ್ಗಣದಿಂದ. ಪಟ್ಟಣ ಹುಟ್ಟುವ ಮೊದಲು ಅಲ್ಲಿದ್ದದ್ದು ಒಂದು ಬೋಳುಗುಡ್ಡ, ಗುಡ್ಡದ ಬುಡದಲ್ಲಿ ಉಳ್ಳವರ ರಾಗಿ ಹೊಲ, ಆ ಹೊಲದಿಂದ ತೆನೆ ಕದ್ದು ಗುಡ್ಡದ ಬಿಲಗಳಲ್ಲಿ ಕೂಡಿಡುವ ಹೆಗ್ಗಣಗಳು. ಹೊಲವಿಲ್ಲದವರು ಸುಗ್ಗಿ ಕಳೆದ ಮೇಲೆ ಗುಡ್ಡ ಹತ್ತಿ ಬಿಲ ಅಗೆಯುತ್ತಿದ್ದರು. ಹೆಗ್ಗಣ ಕೂಡಿಟ್ಟದ್ದನ್ನು ತಂದು, ತೊಳೆದು, ಒಣಗಿಸಿ ಹಿಟ್ಟು ಮಾಡಿಕೊಂಡು ಉಣ್ಣುತ್ತಿದ್ದರು. ಅದನ್ನು ಯಾರೂ ಕಳ್ಳತನ ಎನ್ನುತ್ತಿರಲಿಲ್ಲ, ಮರ್ಯಾದೆ ಎಂದೂ ಎನ್ನುತ್ತಿರಲಿಲ್ಲ.

ಹಾಗೆ ಅಗೆಯುವವರಲ್ಲಿ ಪಿಳ್ಳಪ್ಪನೂ ಒಬ್ಬ. ಒಂದು ಬೆಳಿಗ್ಗೆ ಅವನು ಎದೆಮಟ್ಟ ಅಗೆದರೂ ಒಂದು ತೆನೆ ಸಿಗಲಿಲ್ಲ. ಸಿಕ್ಕಿದ್ದು ಭಾರವಾದ ಒಂದಿಷ್ಟು ಮಣ್ಣು. ಹೆಗ್ಗಣಕ್ಕೂ ಅದರ ವಂಶಕ್ಕೂ ಶಾಪ ಹಾಕುತ್ತಾ ಮಂಕರಿಯನ್ನು ಹೆಂಡತಿಯ ಮುಂದೆ ಕುಕ್ಕಿದ. ಅವನ ಹೆಂಡತಿ ಅಕ್ಕಯ್ಯಮ್ಮ ಏನನ್ನೂ ತೊಳೆಯದೆ ಎಸೆಯುವ ಹೆಂಗಸಲ್ಲ. ಆ ಮಣ್ಣನ್ನೂ ಮರಿಗೆಗೆ ಹಾಕಿ, ನೀರು ಬಿಟ್ಟು, ಕೈಯಾಡಿಸಿ ಓರೆ ಮಾಡಿದಳು. ಮಣ್ಣು ಹರಿದುಹೋಯಿತು. ತಳದಲ್ಲಿ ಹಳದಿ ಕಾಳುಗಳು ನಿಂತವು.

"ಮಾವಾ," ಅಂದಳು ಅಕ್ಕಯ್ಯಮ್ಮ. ಪಿಳ್ಳಪ್ಪ ಅವಳಿಗೆ ಸೋದರಮಾವನೂ ಆಗಬೇಕು. "ಈ ಹೆಗ್ಗಣ ನಮಗಿಂತ ಸ್ಥಿತಿವಂತ ಕಣೋ."

ಸುದ್ದಿ ಅರಮನೆಗೆ ಮುಟ್ಟಲು ಎಷ್ಟು ಹೊತ್ತು ಬೇಕು? ಆ ರಾಜ್ಯದ ಅರಸ ಹಾಸಿಗೆಯಿಂದ ಎದ್ದು ಕೂತು ಕಾನೂನು ಮಾಡಿದ. ಗುಡ್ಡ ಎಲ್ಲರದು. ಬಂದವರಿಗೆ ಹತ್ತು ಮಾರು ಅಗಲ, ಹತ್ತು ಮಾರು ಉದ್ದದ ಜಾಗ. ಸಿಕ್ಕಿದ್ದರಲ್ಲಿ ಅರಸನಿಗೊಂದು ಪಾಲು. ಆದರೆ ಜಾಗ ಹಿಡಿದು ಸುಮ್ಮನೆ ಕೂರುವವರನ್ನು ಪತ್ತೆ ಮಾಡುವುದು ಹೇಗೆ? ಅಗೆಯುತ್ತಿದ್ದೀಯಾ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಬಾಯಿ ಸುಳ್ಳು ಹೇಳಬಹುದು, ಹಾರೆ ಹೇಳಲಾರದು ಎಂದು ಮಂತ್ರಿ ಸಲಹೆ ಕೊಟ್ಟ. ಹೀಗಾಗಿ ಗುಂಡಿಯ ಬಾಯಲ್ಲಿ ನಿಂತರೆ ಒಳಗಿನಿಂದ ಹಾರೆಯ ಸದ್ದು ಕೇಳಬೇಕು, ಒಂಬತ್ತು ದಿನ ಕೇಳದಿದ್ದರೆ ಗುಂಡಿ ತನಗೆ ಬೇಕೆಂದು ಮೊದಲು ಬಂದು ಕೇಳಿದವನಿಗೆ ಸೇರುತ್ತದೆ ಎಂದಾಯಿತು. ಕೇಳಿಸಿಕೊಳ್ಳುವುದಕ್ಕೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಿದರು. ಅವನನ್ನು ಸದ್ದಿನ ಅಮಲ್ದಾರ ಎಂದು ಕರೆಯುತ್ತಿದ್ದರು. ಸಣ್ಣ ಆಳು, ದೊಡ್ಡ ಕಿವಿ. ಪ್ರತಿ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ತಲೆಯಾಡಿಸಿ ಮುಂದಕ್ಕೆ ಹೋಗುವನು. ಗುಡ್ಡಕ್ಕೆ ಸದ್ದುಗುಡ್ಡ ಎಂಬ ಹೆಸರು ಬಿದ್ದದ್ದು ಹಾಗೆ.

ಮೊದಲ ಗುಂಡಿ ಪಿಳ್ಳಪ್ಪನದು. ನಾಲ್ಕಾಳು ಆಳಕ್ಕೆ ಇಳಿದಾಗ ಪಡುವಣ ಗೋಡೆಯಲ್ಲಿ ಅವನಿಗೊಂದು ಎಳೆ ಸಿಕ್ಕಿತು. ಅರಿಸಿನದ ದಾರದಷ್ಟು ತೆಳ್ಳಗೆ ಗುಡ್ಡದ ಒಳಕ್ಕೆ, ಪಡುವಣಕ್ಕೆ ಹೋಗುತ್ತಿತ್ತು. ಅದನ್ನು ಬಿಡಿಸಿ ತರುವುದು ನಿಧಾನದ ಕೆಲಸ. ಪಿಳ್ಳಪ್ಪನ ಬಲಭುಜವೂ ನೆಟ್ಟಗಿರಲಿಲ್ಲ. ಒಂದೇಟು ಹಾಕಿ, ನಾಲ್ಕು ಉಸಿರು ಬಿಟ್ಟು, ಮತ್ತೊಂದೇಟು ಹಾಕುತ್ತಿದ್ದ. ಹಾಗಿದ್ದೂ ತಿಂಗಳಿಗೆ ಉಗುರಿನಷ್ಟು ಬರುತ್ತಿತ್ತು. ಅಕ್ಕಯ್ಯಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಸಂತೆಗೆ ಹೋಗಿ, ಹೆಗ್ಗಣದ ಹಲ್ಲು ತಾಗದ ರಾಗಿ ತರುತ್ತಿದ್ದಳು. ಆ ರಾಗಿಯ ಮೊದಲ ಮುದ್ದೆ ಮುರಿದ ದಿನ ಗಂಡಹೆಂಡಿರು ಬೆರಳು ನೆಕ್ಕಿ ಉಂಡರು. ಇನ್ನೇನು ಬೇಕು ಎಂದು ಇಬ್ಬರಿಗೂ ಅನ್ನಿಸಿತ್ತು.

ಇನ್ನೇನು ಬೇಕು ಎಂಬುದು ಎರಡನೆಯ ಗುಂಡಿಯವನು ಬಂದ ಮೇಲೆ ಗೊತ್ತಾಯಿತು.

ಅವನ ಹೆಸರು ಬಚ್ಚಣ್ಣ. ಪಿಳ್ಳಪ್ಪನ ಗುಂಡಿಗೆ ಮೂಡಲಾಗಿ ನಲವತ್ತು ಮಾರು ದೂರದಲ್ಲಿ ಜಾಗ ಹಿಡಿದ. ಗಟ್ಟಿಮುಟ್ಟಾದ ಆಳು, ಮಾತು ಕಡಿಮೆ. ಎದುರಿಗೆ ಸಿಕ್ಕರೆ "ಏನ್ ಪಿಳ್ಳಣ್ಣ" ಅನ್ನುವನು, ಉತ್ತರಕ್ಕೆ ಕಾಯದೆ ಗುಂಡಿಗೆ ಇಳಿಯುವನು. ಅವನ ಹಾರೆ ಸದ್ದು ಮಾತ್ರ ಬಲು ಜೋರು. ಟಣ್ ಟಣ್ ಟಣ್ ಎಂದು ಬಿಡುವಿಲ್ಲದೆ ಬೀಳುತ್ತಿತ್ತು. ಪಿಳ್ಳಪ್ಪ ತನ್ನ ಗುಂಡಿಯಲ್ಲಿ ಒಂದೇಟು ಹಾಕಿ ಉಸಿರು ಬಿಡುವುದರೊಳಗೆ ಆ ಕಡೆಯಿಂದ ಹನ್ನೆರಡು ಏಟು ಕೇಳುತ್ತಿದ್ದವು.

ಮೊದಲ ವಾರ ಪಿಳ್ಳಪ್ಪ ನಕ್ಕ. ಎರಡನೆಯ ವಾರ ನಗು ನಿಂತಿತು. ಮೂರನೆಯ ವಾರ ಮೂಡಣ ಗೋಡೆಗೆ ಕಿವಿ ಹಚ್ಚಿದ. ಅಲ್ಲಿಂದಾಚೆಗೆ ಆ ಕಿವಿ ಗೋಡೆ ಬಿಟ್ಟು ಬರಲಿಲ್ಲ.

"ಅವನ ಕೈ ಯಾಕೆ ಅಷ್ಟು ಬೇಗ ಆಡ್ತದೆ ಹೇಳು," ಎಂದು ಊಟಕ್ಕೆ ಕೂತಾಗ ಹೆಂಡತಿಯನ್ನು ಕೇಳಿದ.

"ಅವನ ಭುಜ ನೆಟ್ಟಗದೆ. ಅದಕ್ಕೆ."

"ಭುಜ ಅಲ್ಲ ಕಣೇ. ಬರೀ ಕಲ್ಲು ಹೊಡೆಯೋನು ಅಷ್ಟು ಹುರುಪಾಗಿ ಹೊಡೀತಾನಾ? ಎದುರಿಗೆ ಹಳದಿ ಕಂಡೋನೇ ಹಂಗೆ ಹೊಡೆಯೋದು. ಕೈ ಹಾಕಿದಲ್ಲೆಲ್ಲ ಬತ್ತಾ ಇರಬೇಕು."

"ಬರಲಿ ಬಿಡು ಮಾವ. ನಮ್ಮ ಎಳೆ ನಮಗದೆ. ಮುದ್ದೆ ಆರ್ತದೆ, ಉಣ್ಣು."

ಪಿಳ್ಳಪ್ಪ ಉಣ್ಣಲಿಲ್ಲ. ಹಸಿವಿಲ್ಲ ಎಂದ. ಹಸಿವಿತ್ತು, ಆದರೆ ಹೊಟ್ಟೆಯಲ್ಲಿ ಬೇರೊಂದು ಉರಿಯುತ್ತಿತ್ತು. ಗುಡ್ಡದಲ್ಲಿ ಮೊದಲು ಚಿನ್ನ ಕಂಡವನು ತಾನು. ತಾನಿಲ್ಲದಿದ್ದರೆ ಬಚ್ಚಣ್ಣನಿಗೆ ಈ ಗುಡ್ಡದ ದಿಕ್ಕೇ ಗೊತ್ತಾಗುತ್ತಿರಲಿಲ್ಲ. ತನ್ನ ಪಾಲಿಗೆ ದಾರ, ನಿನ್ನೆ ಬಂದವನ ಪಾಲಿಗೆ ಹಗ್ಗ! ಒಂದು ದಿನ ಬಚ್ಚಣ್ಣ ಹೊಸ ರುಮಾಲು ಸುತ್ತಿಕೊಂಡು ಬಂದ. ಅದು ಹಳೆಯ ರುಮಾಲನ್ನೇ ಒಗೆದು ತಿರುವಿ ಸುತ್ತಿದ್ದು ಎಂದು ಅಕ್ಕಯ್ಯಮ್ಮ ಎಷ್ಟು ಹೇಳಿದರೂ ಪಿಳ್ಳಪ್ಪ ನಂಬಲಿಲ್ಲ. ಇನ್ನೊಂದು ದಿನ ಬಚ್ಚಣ್ಣ ಗುಂಡಿಯಿಂದ ಮೇಲೆ ಬಂದು ಮುಖ ಮುಚ್ಚಿಕೊಂಡು ಬಂಡೆಯ ಮೇಲೆ ಕೂತಿದ್ದ. ಸಿಕ್ಕಿದ ಸಂತೋಷವನ್ನು ಯಾರಿಗೂ ಕಾಣದ ಹಾಗೆ ಮುಚ್ಚಿಟ್ಟುಕೊಳ್ಳುತ್ತಿದ್ದಾನೆ ಎಂದುಕೊಂಡ ಪಿಳ್ಳಪ್ಪ.

ಕೊನೆಗೊಂದು ಬೆಳಿಗ್ಗೆ ಅವನು ಪಡುವಣ ಗೋಡೆಗೆ ಬೆನ್ನು ಹಾಕಿ ಮೂಡಣ ಗೋಡೆಗೆ ಹಾರೆ ಹಾಕಿದ. ಬಚ್ಚಣ್ಣನ ಕೈಗೆ ಸಿಗುತ್ತಿರುವುದು ನಲವತ್ತು ಮಾರಿನಾಚೆ ಇದೆ, ಅದರ ಬಾಲವಾದರೂ ತನ್ನ ಕಡೆ ಚಾಚಿರಲೇಬೇಕು ಎಂಬುದು ಅವನ ಲೆಕ್ಕಾಚಾರ. ಸುರಂಗ ಒಳಕ್ಕೆ ಹೋದಂತೆ ಮಣ್ಣು ಬಿತ್ತು. ಅದನ್ನು ಮೇಲಕ್ಕೆ ಹೊರುತ್ತಾ ಕೂತರೆ ಹೊತ್ತು ಹೋಗುತ್ತದೆ. ಅದಕ್ಕೇ ಮಣ್ಣನ್ನೆಲ್ಲ ಹಿಂದಕ್ಕೆ ಎಳೆದು ಗುಂಡಿಯಲ್ಲೇ, ಪಡುವಣ ಗೋಡೆಗೆ ಒತ್ತಿ ಗುಡ್ಡೆ ಹಾಕಿದ. ನಾಲ್ಕು ದಿನದಲ್ಲಿ ಎಳೆ ಮುಚ್ಚಿಹೋಯಿತು. ಹದಿನೈದು ದಿನದಲ್ಲಿ ಆ ಗುಡ್ಡೆ ಆಳುದ್ದ ಮೀರಿತು. ಸುರಂಗಕ್ಕೆ ನುಸುಳುವುದಕ್ಕೆ ಉಳಿದದ್ದು ನಾಯಿ ತೂರುವಷ್ಟು ಸಂದು.

"ಅನ್ನ ಕೊಡೋ ಗೋಡೆ ಮೇಲೆ ಮಣ್ಣು ಹಾಕ್ತೀಯಲ್ಲ ಮಾವ!" ಎಂದು ಅಕ್ಕಯ್ಯಮ್ಮ ಮೇಲಿನಿಂದ ಕೂಗಿದಳು.

"ಅದು ಎಲ್ಲಿಗೂ ಓಡಿಹೋಗಲ್ಲ. ಆ ಕಡೇದು ಓಡಿಹೋಗ್ತದೆ," ಎಂದು ಒಳಗಿನಿಂದ ಉತ್ತರ ಬಂತು.

ಅದು ಅವನಾಡಿದ ಮಾತುಗಳಲ್ಲೆಲ್ಲ ದೊಡ್ಡ ತಪ್ಪು. ಅವನ ಏಟು ಈಗ ಹತ್ತಾರು ಮಾರು ಒಳಗೆ ಬೀಳುತ್ತಿತ್ತು, ನಡುವೆ ಮಣ್ಣಿನ ಗುಡ್ಡೆ ಅಡ್ಡ ಕೂತಿತ್ತು. ಗುಂಡಿಯ ಬಾಯಿಗೆ ಸದ್ದು ಬರುತ್ತಲೇ ಇರಲಿಲ್ಲ. ಸದ್ದಿನ ಅಮಲ್ದಾರ ಬಂದು ಕೂತ, ಕಣ್ಣು ಮುಚ್ಚಿದ, ತಲೆ ಆಡಿಸಲಿಲ್ಲ. ಮಾರನೆಯ ದಿನವೂ ಅಷ್ಟೇ. ಎಂಟನೆಯ ದಿನ ಅಕ್ಕಯ್ಯಮ್ಮನಿಗೆ ದಿಗಿಲು ಹತ್ತಿತು. ಸಂದಿಗೆ ತಲೆಯಿಟ್ಟು ಗಂಟಲು ಹರಿಯುವ ಹಾಗೆ ಕರೆದಳು. ಆ ಕಡೆ ಪಿಳ್ಳಪ್ಪನಿಗೆ ಬಚ್ಚಣ್ಣನ ಹಾರೆ ಕೇಳುತ್ತಿತ್ತೇ ಹೊರತು ಹೆಂಡತಿಯ ಕೂಗು ಕೇಳಲಿಲ್ಲ. ಅಂದು ಅವನು ಮೇಲೆ ಬಂದಾಗ ಹೇಳಿದಳು. "ನಾಳೆ ಒಂದಿನ ಗುಂಡಿಯೊಳಗೇ ನಿಂತು ನಾಲ್ಕು ಏಟು ಹಾಕು. ಅಮಲ್ದಾರರು ಹೋದ ಮೇಲೆ ಎಲ್ಲಿಗಾದರೂ ಹೋಗು."

"ನಾಳೆಯೇ? ನಾಳೆಗೆ ನಾನವನ ಪಕ್ಕದಲ್ಲೇ ಇರ್ತೀನಿ ಕಣೇ. ಇನ್ನು ಎರಡು ಮಾರು!" ಅಂದ. ಅವನ ಕಣ್ಣು ಹೆಂಡತಿಯನ್ನು ನೋಡುತ್ತಲೇ ಇರಲಿಲ್ಲ.

ಒಂಬತ್ತನೆಯ ದಿನ ಅಮಲ್ದಾರ ಬರುವುದು ಕಂಡು ಅಕ್ಕಯ್ಯಮ್ಮ ಸೆರಗು ಸಿಕ್ಕಿಸಿ ತಾನೇ ಗುಂಡಿಗೆ ಇಳಿದಳು. ಮನೆಯಲ್ಲಿದ್ದದ್ದು ಒಂದೇ ಹಾರೆ, ಅದು ಗಂಡನ ಕೈಯಲ್ಲಿತ್ತು. ಒನಕೆಯನ್ನು ತಂದಿದ್ದಳು. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ನೆಲಕ್ಕೆ ಕುಟ್ಟಿದಳು.

ಅಮಲ್ದಾರ ಕಣ್ಣು ತೆರೆಯದೆಯೇ ಹೇಳಿದ. "ತಾಯೀ, ಇದು ಒನಕೆ."

"ಕಲ್ಲು ಒಡೆದ್ರೆ ಸಾಲದಾ ಸ್ವಾಮಿ? ಯಾವುದರಲ್ಲಿ ಒಡೆದ್ರೇನು?"

"ಕಾನೂನಿನಲ್ಲಿ ಹಾರೆ ಎಂದಿದೆ. ಹಾರೆ ಹಿಡಿಯುವ ಕೈ ಗಂಡಸಿನದು ಎಂದೂ ಇದೆ. ನಾನು ಮಾಡಿದ ಕಾನೂನಲ್ಲ ತಾಯಿ, ನನ್ನದು ಕಿವಿ ಮಾತ್ರ."

ಅಷ್ಟರಲ್ಲಿ ಗುಂಡಿ ತಮಗೆ ಬೇಕೆಂದು ಕೇಳುವುದಕ್ಕೆ ಸಾಲಾಗಿ ಜನ ನಿಂತಿದ್ದರು. ಅವರೆಲ್ಲ ಎಲ್ಲಿಂದ ಬಂದರು ಎಂಬುದನ್ನೂ ಹೇಳಿಬಿಡಬೇಕು, ಯಾಕೆಂದರೆ ಪಟ್ಟಣದ ಚರಿತ್ರೆ ಎಂದರೆ ಅದೇ. ಗುಡ್ಡದ ಮೇಲೆ ನೆಲಕ್ಕೆ ಕಿವಿಯಿಟ್ಟವರಿಗೆ ಎರಡು ಸದ್ದು ಕೇಳಿದ್ದವು. ಒಂದು ನಿಧಾನ, ಒಂದು ಬಿರುಸು, ಎರಡೂ ನೆಲದೊಳಗೆ ಒಂದರ ಕಡೆ ಒಂದು ಬರುತ್ತಿವೆ. ಒಬ್ಬರನ್ನು ಕಂಡರೆ ಒಬ್ಬರಿಗಾಗದ ಇಬ್ಬರು ಒಂದೇ ಜಾಗಕ್ಕೆ ಹೊರಟಿದ್ದಾರೆ ಅಂದ ಮೇಲೆ ಅಲ್ಲಿ ಏನಿರಬೇಕು! ಸುದ್ದಿಗೆ ರೆಕ್ಕೆಪುಕ್ಕ ಬಂತು. ಏಳು ಊರಿನವರು ಎತ್ತಿನಗಾಡಿ ಕಟ್ಟಿಕೊಂಡು ಬಂದರು. ಆ ಎರಡು ಗುಂಡಿಗಳ ನಡುವಿನ ನಲವತ್ತು ಮಾರಿನ ಎರಡೂ ಕಡೆ ಗುಡಿಸಲು ಎದ್ದವು. ಕಮ್ಮಾರ ಬಂದ, ಕ್ಷೌರಿಕ ಬಂದ, ಹೆಂಡದಂಗಡಿ ಬಂತು, ಅದರ ಹಿಂದೆಯೇ ದೇವರೂ ಬಂದ. ನೆಲದ ಮೇಲೆ ಮಲಗಿ, ಯಾವ ಸದ್ದು ಕಲ್ಲಿನದು ಯಾವುದು ಚಿನ್ನದ್ದು ಎಂದು ಹೇಳುವ ಕಿವಿ ಪಂಡಿತರು ಬಂದರು. ಅವರ ಕೆಲಸ ಎಲ್ಲರಿಗಿಂತ ಚೆನ್ನಾಗಿ ನಡೆಯಿತು. ಪಟ್ಟಣದ ರಾಜಬೀದಿ ಇವತ್ತಿಗೂ ಆ ಸುರಂಗದ ನೆತ್ತಿಯ ಮೇಲೆ ಹೋಗುತ್ತದೆ.

ಆ ಒಂಬತ್ತನೆಯ ದಿನದ ಮಧ್ಯಾಹ್ನವೇ ನೆಲದ ಒಳಗೆ ಗೋಡೆ ಬಿತ್ತು.

ಪಿಳ್ಳಪ್ಪನ ಹಾರೆ ಕಲ್ಲಿಗೆ ತಾಗದೆ ಬರಿದಾದ ಜಾಗಕ್ಕೆ ತೂರಿತು. ಆ ಕಡೆಯಿಂದ ಇನ್ನೊಂದು ಹಾರೆಯ ಮೂತಿ ಈ ಕಡೆ ಬಂತು. ತೂತು ದೊಡ್ಡದಾಯಿತು. ಹರಳೆಣ್ಣೆ ದೀಪದ ಬೆಳಕಿನಲ್ಲಿ ಎರಡು ಮುಖ ಕಂಡವು, ಎರಡೂ ಮಣ್ಣು ಮೆತ್ತಿದವು. ಪಿಳ್ಳಪ್ಪ ಬಚ್ಚಣ್ಣನ ಮುಖ ನೋಡಲಿಲ್ಲ. ಅವನ ಹಿಂದಿನ ಗೋಡೆ ನೋಡಿದ. ಬಚ್ಚಣ್ಣನೂ ಪಿಳ್ಳಪ್ಪನ ಹಿಂದಿನ ಗೋಡೆಯನ್ನೇ ನೋಡುತ್ತಿದ್ದ. ಎರಡೂ ಕಡೆ ಬರೀ ಕರಿ ಕಲ್ಲು.

"ಎಲ್ಲಿಟ್ಟಿದ್ದೀಯ?" ಎಂದ ಪಿಳ್ಳಪ್ಪ.

"ನೀನೆಲ್ಲಿಟ್ಟಿದ್ದೀಯ, ಅದು ಹೇಳು ಮೊದಲು."

"ನಿನಗೆ ಬತ್ತಿತ್ತಲ್ಲ! ಅಷ್ಟು ಬಿರುಸಾಗಿ ಹೊಡೀತಿದ್ದೆಯಲ್ಲ!"

ಬಚ್ಚಣ್ಣ ಹಾರೆ ಕೆಳಗಿಟ್ಟ. "ಒಂದು ಕಾಳು ಸಿಕ್ಕಿಲ್ಲ ಪಿಳ್ಳಣ್ಣ. ಬಂದ ದಿನದಿಂದ ಇವತ್ತಿನವರೆಗೆ ಒಂದು ಕಾಳೂ ಇಲ್ಲ. ಸಿಗ್ಲಿಲ್ಲ ಅಂತ ಸಿಟ್ಟಿಗೆ ಹೊಡೀತಿದ್ದೆ. ನೀನು ಒಂದೇಟು ಹಾಕಿ ನಿಲ್ಲಿಸ್ತಿದ್ದೆ. ಚಿನ್ನದ ಗಟ್ಟಿ ಒಡೆದೀತು ಅಂತ ನಾಜೂಕಾಗಿ ಬಿಡಿಸ್ತಾ ಇದ್ದಾನೆ ಅಂದ್ಕೊಂಡೆ. ಅದನ್ನ ಕೇಳಿ ಕೇಳಿ ನನಗೆ ಮೈ ಪರಚಿಕೊಳ್ಳೋ ಹಂಗಾಗ್ತಿತ್ತು."

"ನನ್ನ ಭುಜ ನೋವು," ಎಂದ ಪಿಳ್ಳಪ್ಪ.

ಪಿಳ್ಳಪ್ಪನಿಗೆ ಎಷ್ಟು ಹಾಯೆನಿಸಿತೆಂದರೆ ಹೇಳತೀರದು. ಬಚ್ಚಣ್ಣನ ಹತ್ತಿರ ಏನೂ ಇಲ್ಲ! ತಿಂಗಳುಗಟ್ಟಲೆ ಎದೆಯ ಮೇಲೆ ಕೂತಿದ್ದ ಕಲ್ಲು ಉರುಳಿದ ಹಾಗಾಯಿತು. ಆ ಬಡಪಾಯಿಯನ್ನು ತಬ್ಬಿಕೊಳ್ಳೋಣ ಅನ್ನಿಸಿತು. ಆ ಸುಖದಲ್ಲೇ ಬಾಯಿ ಬಿಟ್ಟ. "ನನಗೆ ಒಂದು ಎಳೆ ಇತ್ತು ಕಣಯ್ಯ, ಪಡುವಣ ಗೋಡೇಲಿ. ಸಣ್ಣದು. ನಮಗೆ ಸಾಕಾಗ್ತಿತ್ತು."

"ಇತ್ತಾ?" ಬಚ್ಚಣ್ಣ ದೀಪ ಎತ್ತಿ ಅವನ ಮುಖಕ್ಕೆ ಹಿಡಿದ. "ಅದನ್ನ ಇಟ್ಕೊಂಡು ನೀನು ನನ್ನ ಕಡೆ ಬಂದ್ಯಾ?"

ಇಬ್ಬರೂ ಒಟ್ಟಿಗೆ ಸುರಂಗದಲ್ಲಿ ನಡೆದು ಪಿಳ್ಳಪ್ಪನ ಗುಂಡಿಯ ಸಂದಿನಿಂದ ತೂರಿ ಬರುವಾಗ ಅಲ್ಲಿ ಮೂರನೆಯವನೊಬ್ಬ ನಿಂತಿದ್ದ. ಕೋನಪ್ಪ ಎಂದು ಅವನ ಹೆಸರು. ಸಾಲಿನಲ್ಲಿ ಮೊದಲು ನಿಂತಿದ್ದವನು ಅವನೇ, ಗುಂಡಿ ಅವನ ಪಾಲಾಗಿತ್ತು. ಬಚ್ಚಣ್ಣನ ಗುಂಡಿಯೂ ಅದೇ ಕಾನೂನಿನಲ್ಲಿ, ಅದೇ ಕಾರಣಕ್ಕೆ, ಇನ್ನೊಬ್ಬನಿಗೆ ಹೋಗಿತ್ತು. ಮೇಲೆ ಜನ ಗುಂಪುಕಟ್ಟಿ ಬಗ್ಗಿ ನೋಡುತ್ತಿದ್ದರು. "ಒಳಗೆ ಏನೂ ಇಲ್ಲ, ಬರೀ ಕಲ್ಲು" ಎಂದು ಬಚ್ಚಣ್ಣ ಕೂಗಿ ಹೇಳಿದ. ಜನ ಒಬ್ಬರನ್ನೊಬ್ಬರು ನೋಡಿ ಕಣ್ಣು ಮಿಟುಕಿಸಿದರು. ನಿನ್ನೆಯವರೆಗೆ ಮುಖ ಕಂಡರಾಗದ ಇಬ್ಬರು ಇವತ್ತು ಜೊತೆಯಾಗಿ ಬಂದು ಒಂದೇ ಮಾತು ಹೇಳುತ್ತಿದ್ದಾರೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಬಚ್ಚಣ್ಣ ಹಾರೆ ಹೆಗಲಿಗೇರಿಸಿಕೊಂಡು ತನ್ನ ಊರಿನ ದಾರಿ ಹಿಡಿದ. ಅವನಿಗೆ ಬೇರೆ ಗುಡ್ಡ ಗೊತ್ತಿರಬೇಕೆಂದು ನಲವತ್ತು ಜನ ಸದ್ದು ಮಾಡದೆ ಅವನ ಹಿಂದೆ ಹೋದರು.

ಪಿಳ್ಳಪ್ಪ ಗುಂಡಿಯ ಅಂಚಿನಲ್ಲಿ ಕೂತ. ಕೆಳಗೆ ಕೋನಪ್ಪ ಸುರಂಗದ ಬಾಯಿಗೆ ಕಿವಿ ಕೊಟ್ಟು ನಿಂತಿದ್ದ.

"ತಮ್ಮಾ, ಆ ಕಡೆ ಹೋಗಬೇಡ. ಅದನ್ನ ತೋಡಿದೋನು ನಾನೇ," ಎಂದು ಪಿಳ್ಳಪ್ಪ ಹೇಳಿದ. "ನಿನ್ನ ಬೆನ್ನ ಹಿಂದೆ ಗುಡ್ಡೆ ಐತಲ್ಲ, ಆ ಮಣ್ಣು ತೆಗಿ. ಗೋಡೇಲಿ ಎಳೆ ಐತೆ. ನನ್ನ ಹೆಂಡ್ತಿ ಆಣೆಗೂ ಐತೆ."

ಕೋನಪ್ಪ ಆ ಗುಡ್ಡೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅದನ್ನು ಹೊತ್ತು ಹಾಕಲು ತಿಂಗಳು ಬೇಕು. ಆ ತಿಂಗಳಲ್ಲಿ ಬಚ್ಚಣ್ಣನ ಗುಂಡಿ ಹಿಡಿದವನು ಸುರಂಗ ಪೂರ್ತಿ ಬಾಚಿಕೊಂಡು ಹೋಗುತ್ತಾನೆ. "ಎಳೆ ಇದ್ದಿದ್ರೆ," ಎಂದ ಕೋನಪ್ಪ, "ನೀನು ಯಾಕಣ್ಣ ಅದನ್ನ ಬಿಟ್ಟು ಆ ಕಡೆ ಹೋದೆ?"

ಕೋನಪ್ಪ ನಕ್ಕು ಸಂದಿಗೆ ತೂರಿದ.

ಅಕ್ಕಯ್ಯಮ್ಮ ಗಂಡನ ಬಳಿ ಬಂದು ಅವನ ತೋಳು ಹಿಡಿದಳು. ಅವಳಿಗೆ ಸಿಟ್ಟು ಮಾಡುವುದಕ್ಕೂ ಪುರುಸೊತ್ತಿರಲಿಲ್ಲ. "ಮಾವ, ಹೋದದ್ದು ಹೋಯ್ತು. ಎಳೆ ಪಡುವಣಕ್ಕೆ ಹೋಗ್ತಿತ್ತು. ಗುಡ್ಡದ ಆ ಮಗ್ಗುಲಲ್ಲಿ ಒಂದು ನರಪಿಳ್ಳೆ ಇಲ್ಲ, ಎಲ್ಲಾ ಈ ಕಡೇನೇ ಮುಕ್ಕುರಿದಾರೆ. ಅಲ್ಲಿ ಒಂದು ಜಾಗ ಕೇಳು. ನನ್ನ ಹೆಸರಿಗೆ ಅವರು ಕೊಡಲ್ಲ. ನೀನು ಕೇಳು. ಆ ಕಡೆಯಿಂದ ಅಗೆದ್ರೆ ಅದೇ ಎಳೆ ಮತ್ತೆ ಸಿಗ್ತದೆ."

ಮಾತು ನ್ಯಾಯವಾಗಿತ್ತು. ಪಿಳ್ಳಪ್ಪ ತಲೆಯಾಡಿಸಿದ, ಎದ್ದ, ಇಬ್ಬರೂ ಅಮಲ್ದಾರನ ಮುಂದೆ ಹೋಗಿ ನಿಂತರು. ಅಲ್ಲಿ ಹೊಸದಾಗಿ ಜಾಗ ಕೇಳುವವರ ಗುಂಪು ನೆರೆದಿತ್ತು. ಈ ಗುಡ್ಡದಲ್ಲಿ ಮೊದಲು ಚಿನ್ನ ಕಂಡವನು ಇವನೇ ಎಂದು ಯಾರೋ ಪಿಸುಗುಟ್ಟಿದರು. ಎಲ್ಲರೂ ಸರಿದು ದಾರಿ ಬಿಟ್ಟರು. ಅಮಲ್ದಾರನಿಗೂ ಮನಸ್ಸು ಕರಗಿತ್ತು.

"ಮೊದಲಿಗ ನೀನು. ನಿನಗೆ ಹೀಗಾಗಬಾರದಿತ್ತು," ಎಂದ. "ಪಡುವಣ ಮಗ್ಗುಲು ಪೂರ್ತಿ ಖಾಲಿ ಬಿದ್ದಿದೆ. ಹತ್ತಲ್ಲ, ನಲವತ್ತು ಮಾರು ಬರೆಯುತ್ತೇನೆ. ಹ್ಞೂಂ ಅನ್ನು."

ಪಿಳ್ಳಪ್ಪ ಹ್ಞೂಂ ಅನ್ನಲು ಬಾಯಿ ತೆರೆದ. ಆಗ ಕಾಲ ಕೆಳಗೆ ನೆಲದೊಳಗಿಂದ ಕೋನಪ್ಪನ ಹಾರೆ ಕೇಳಿತು. ಟಣ್ ಟಣ್ ಟಣ್. ಪಿಳ್ಳಪ್ಪನಿಗೆ ಆ ಸುರಂಗದ ಒಂದೊಂದು ಕಲ್ಲೂ ಗೊತ್ತಿತ್ತು. ಅಲ್ಲಿ ಏನೂ ಇಲ್ಲ ಎಂದು ಅವನಷ್ಟು ಚೆನ್ನಾಗಿ ತಿಳಿದವರು ಲೋಕದಲ್ಲಿ ಇರಲಿಲ್ಲ. ಆದರೆ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಯಾಕೆ ನಿಂತಿತು? ಉಸಿರು ಬಿಡಲು ನಿಲ್ಲಿಸಿದನೆ? ಬಂದು ಒಂದು ಗಳಿಗೆ ಆಗಿಲ್ಲ, ಉಸಿರು ಯಾಕೆ ಬಿಡಬೇಕು? ತಾನು ಎಡಕ್ಕೆ ಎರಡು ಗೇಣು ಬಿಟ್ಟುಬಿಟ್ಟಿದ್ದ ಒಂದು ಮೂಲೆಯಿತ್ತಲ್ಲ! ಮತ್ತೆ ಒಂದೇಟು ಕೇಳಿತು. ನಿಧಾನವಾದ, ಮೆತ್ತಗಿನ ಏಟು. ನಿನ್ನೆ ಬಂದವನು! ತಾನು ತೋಡಿಕೊಟ್ಟ ದಾರಿಯಲ್ಲಿ ನಡೆದು ಹೋಗಿ!

"ಮಾವಾ," ಎಂದು ಅಕ್ಕಯ್ಯಮ್ಮ ತೋಳು ಒತ್ತಿದಳು.

"ಪಡುವಣ ನನಗೆ ಬೇಡ ಸ್ವಾಮಿ," ಎಂದ ಪಿಳ್ಳಪ್ಪ. "ಕೋನಪ್ಪನ ಪಕ್ಕದಲ್ಲಿ ಎಷ್ಟು ಉಳಿದಿದ್ರೆ ಅಷ್ಟು ಕೊಡಿ. ಒಂದು ಮಾರಾದರೂ ಸರಿ."

ಅಕ್ಕಯ್ಯಮ್ಮ ಅವನ ತೋಳು ಬಿಟ್ಟಳು.

ಅಮಲ್ದಾರ ಬರೆದುಕೊಂಡ. ಸುತ್ತ ನಿಂತಿದ್ದವರು ಕಿವಿಯಾರೆ ಕೇಳಿದರು. ಚಿನ್ನ ಕಂಡುಹಿಡಿದವನೇ ಪಡುವಣ ಮಗ್ಗುಲನ್ನು ನಲವತ್ತು ಮಾರು ಬಿಟ್ಟಿಯಾಗಿ ಕೊಟ್ಟರೂ ಒಲ್ಲೆ ಎಂದ ಮೇಲೆ ಅಲ್ಲಿ ಅಗೆಯುವ ದಡ್ಡ ಯಾರಿದ್ದಾನೆ? ಯಾರೂ ಅಗೆಯಲಿಲ್ಲ. ಪಟ್ಟಣ ಮೂಡಣಕ್ಕೆ ಬೆಳೆಯಿತು, ಬೀದಿಗಳಾದವು, ಕೋಟೆಬಾಗಿಲಾಯಿತು, ಅರಮನೆಯವರ ಬೇಸಿಗೆ ಬಂಗಲೆಯಾಯಿತು. ಅಷ್ಟು ಜನ ಸೇರಿದ ಮೇಲೆ ಕಸ ಸುರಿಯುವುದಕ್ಕೆ ಒಂದು ಜಾಗ ಬೇಕಾಯಿತು. ಪಡುವಣ ಮಗ್ಗುಲಲ್ಲಿ ಇವತ್ತಿಗೂ ಸುರಿಯುತ್ತಿದ್ದಾರೆ.